ಗಾಡಿಯ ಆಂಪ್ ಆನ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಗಾಡಿಗಳಿಗೆ ಮ್ಯೂಸಿಕ್ ಸಿಸ್ಟಮ್ ಕೂಡಿಸುವ ಕೆಲಸ ಮಾಡುತ್ತೇನೆ. ಸಂಡೂರು, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದ ಫೋನ್ ಬರುತ್ತಿರುತ್ತವೆ. ಮದುವೆ ಸೀಸನ್ ಶುರುವಾದರಂತೂ ದಿನಕ್ಕೆ ಎರಡು ಮೂರು. ಹೆಚ್ಚಿನವರದು ಒಂದೇ ಮಾತು: "ಅಣ್ಣಾ, ಆಂಪ್ ಆನ್ ಆಗ್ತಿಲ್ಲ." ಆಂಪ್ ಅಂದರೆ ಆಂಪ್ಲಿಫೈಯರ್, ಸ್ಟೀರಿಯೊದ ಹಾಡನ್ನು ಜೋರು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ. ಬಿಚ್ಚಿಕೊಂಡು ತಂದ ಆಂಪ್‌ಗಳಲ್ಲಿ ಜಾಸ್ತಿಯವು ನನ್ನ ಟೇಬಲ್ ಮೇಲೆ ಮೂರು ವೈರ್ ಕೊಟ್ಟ ಕೂಡಲೇ ಆನ್ ಆಗುತ್ತವೆ. ತೊಂದರೆ ಮಾತ್ರ ಗಾಡಿಯಲ್ಲೇ ಉಳಿದಿರುತ್ತದೆ, ಗಾಡಿ ಐವತ್ತು ಕಿಲೋಮೀಟರ್ ದೂರದ ಊರಲ್ಲಿ ನಿಂತಿರುತ್ತದೆ. ಅದಕ್ಕೇ ಆಂಪ್ ಬಿಚ್ಚುವ ಮೊದಲು ಇದನ್ನು ಓದಿ.

ನಿನ್ನೆ ರಾತ್ರಿವರೆಗೂ ಚೆನ್ನಾಗಿ ಹಾಡ್ತಿತ್ತು, ಇವತ್ತು ಲೈಟೇ ಬರ್ತಿಲ್ಲ. ಸುಟ್ಟುಹೋಯ್ತಾ?

ಇಷ್ಟು ಬೇಗ ಹಾಗೆ ಅಂದುಕೊಳ್ಳಬೇಡಿ. ಸುಟ್ಟ ಆಂಪ್ ಸಾಮಾನ್ಯವಾಗಿ ಏನಾದರೂ ಗುರುತು ಬಿಟ್ಟಿರುತ್ತದೆ. ಸುಟ್ಟ ವಾಸನೆ ಇರುತ್ತದೆ, ಇಲ್ಲವೇ ಫ್ಯೂಸ್ ಹಾಕಿದ ಹಾಗೆಲ್ಲ ಹೋಗುತ್ತದೆ. ಲೈಟೂ ಇಲ್ಲ, ವಾಸನೆಯೂ ಇಲ್ಲ, ಫ್ಯೂಸೂ ಹೋಗಿಲ್ಲ ಅಂದರೆ ಬಹುಪಾಲು ಆಂಪ್‌ಗೆ ಕರೆಂಟೇ ತಲುಪುತ್ತಿಲ್ಲ.

ಆಂಪ್ ಆನ್ ಆಗಲು ಬೇಕಾದದ್ದು ಮೂರೇ ವೈರ್. ಬ್ಯಾಟರಿಯಿಂದ ನೇರವಾಗಿ ಬರುವ ಪ್ಲಸ್ ಒಂದು. ಗಾಡಿ ಬಾಡಿಗೆ ಹೋಗುವ ಅರ್ತ್ ಒಂದು. ಸ್ಟೀರಿಯೊ ಆನ್ ಆದಾಗ "ಏಳು" ಅಂತ ಹೇಳುವ ಸಣ್ಣ ರಿಮೋಟ್ ವೈರ್ ಒಂದು. ಈ ಮೂರೂ ಸರಿಯಿದ್ದರೆ ಸ್ಪೀಕರ್ ಇಲ್ಲದಿದ್ದರೂ, ಹಾಡಿನ ಆರ್‌ಸಿಎ ವೈರ್ ಇಲ್ಲದಿದ್ದರೂ ಆಂಪ್ ಲೈಟ್ ಬರಲೇಬೇಕು.

ಚೆಕ್ ಮಾಡೋಕೆ ಏನೇನು ಬೇಕು?

ಒಂದು ಡಿಜಿಟಲ್ ಮಲ್ಟಿಮೀಟರ್, ಐನೂರು ರೂಪಾಯಿ ಒಳಗಿನದೇ ಸಾಕು. ಹಳೇ ಹೆಡ್‌ಲೈಟ್ ಬಲ್ಬ್ ಒಂದು, ಅದಕ್ಕೆ ಎರಡು ವೈರ್ ಬೆಸುಗೆ ಹಾಕಿಕೊಳ್ಳಿ. 10 ನಂಬರ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಎಮರಿ ಪೇಪರ್. ಇಷ್ಟೇ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಮೀಟರಿನ ಕೆಂಪು ವೈರ್, ಅಂದರೆ ಕೆಂಪು ಪ್ರೋಬ್, 10 ಆಂಪಿಯರ್ ಅಂತ ಬರೆದ ತೂತಿನಲ್ಲಿ ಇಲ್ಲ ಅಂತ ಒಮ್ಮೆ ನೋಡಿಕೊಳ್ಳಿ. ಆ ತೂತಿನಲ್ಲಿಟ್ಟು ಬ್ಯಾಟರಿ ಮುಟ್ಟಿಸಿದರೆ ಅದು ನೇರ ಶಾರ್ಟ್.

ಎಲ್ಲಿಂದ ಶುರು ಮಾಡಲಿ?

ಬ್ಯಾಟರಿಯಿಂದ. ಇಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. ಇಂಜಿನ್ ಓಡುವಾಗ 13.8ರಿಂದ 14.4. ಇಂಜಿನ್ ಆಫ್ ಇದ್ದಾಗಲೇ 12ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಮಾತು.

ಬ್ಯಾಟರಿ ಸರಿಯಿದ್ದರೆ ಸೀದಾ ಡಿಕ್ಕಿಗೆ ಹೋಗಿ, ಆಂಪ್‌ನ ಸ್ಕ್ರೂಗಳ ಮೇಲೇ ಅಳೆಯಿರಿ. ವೈರ್ ಮೇಲೆ ಅಲ್ಲ, ಫ್ಯೂಸ್ ಹೋಲ್ಡರ್ ಮೇಲೂ ಅಲ್ಲ. ಕಪ್ಪು ಪ್ರೋಬ್ ಆಂಪ್‌ನ ಅರ್ತ್ ಸ್ಕ್ರೂ ಮೇಲೆ, ಕೆಂಪು ಪ್ರೋಬ್ ಪ್ಲಸ್ ಸ್ಕ್ರೂ ಮೇಲೆ. ಆಮೇಲೆ ಸ್ಟೀರಿಯೊ ಆನ್ ಮಾಡಿ, ಕೆಂಪು ಪ್ರೋಬ್ ರಿಮೋಟ್ ಸ್ಕ್ರೂ ಮೇಲೆ. ಎರಡು ಕಡೆಯೂ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು, ರಿಮೋಟ್‌ನಲ್ಲಿ ಸ್ವಲ್ಪ ಕಡಿಮೆ ಬಂದರೆ ಪರವಾಗಿಲ್ಲ. ಪ್ಲಸ್‌ನಲ್ಲಿ ಏನೂ ಬರದಿದ್ದರೆ ಕಪ್ಪು ಪ್ರೋಬನ್ನು ಅರ್ತ್ ಸ್ಕ್ರೂನಿಂದ ತೆಗೆದು ಬಣ್ಣ ಇಲ್ಲದ ಬಾಡಿ ಲೋಹಕ್ಕೆ ಮುಟ್ಟಿಸಿ ನೋಡಿ. ಈಗ 12 ಬಂತು ಅಂದರೆ ಅರ್ತ್ ವೈರ್ ಹೋಗಿದೆ. ಈಗಲೂ ಬರಲಿಲ್ಲ ಅಂದರೆ ಪ್ಲಸ್ ವೈರ್ ಇಲ್ಲವೇ ಫ್ಯೂಸ್.

ಮೀಟರ್ 12 ವೋಲ್ಟ್ ತೋರಿಸ್ತಿದೆ, ಆದ್ರೂ ಆನ್ ಆಗ್ತಿಲ್ಲ. ಹಾಗಾದ್ರೆ ಆಂಪೇ ಹೋಗಿದೆ ಅಲ್ವಾ?

ಈ ಪ್ರಶ್ನೆಗೆ ನಾನು ಯಾವಾಗಲೂ ನಿಧಾನವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಮೀಟರ್ ಓದಲು ಕರೆಂಟ್ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ದಪ್ಪ ವೈರಿನ ಎಳೆಗಳೆಲ್ಲ ಕತ್ತರಿಸಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ಅಂತಲೇ ಹೇಳುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ರೈತರಿಗೆ ಇದು ಬೇಗ ಅರ್ಥವಾಗುತ್ತದೆ: ಕಾಲುವೆಯಲ್ಲಿ ನೀರಿನ ಮಟ್ಟ ಕಾಣುತ್ತಿರುತ್ತದೆ, ಆದರೆ ತೂಬು ಕಟ್ಟಿಕೊಂಡಿದ್ದರೆ ಗದ್ದೆಗೆ ನೀರು ಹರಿಯುವುದಿಲ್ಲ. ಮೀಟರ್ ಮಟ್ಟ ಹೇಳುತ್ತದೆ, ಹರಿವು ಹೇಳುವುದಿಲ್ಲ. ಹರಿವು ನೋಡಲು ಹೆಡ್‌ಲೈಟ್ ಬಲ್ಬ್ ಬೇಕು. ಅದರ ಎರಡು ವೈರನ್ನು ಆಂಪ್‌ನ ಪ್ಲಸ್ ಮತ್ತು ಅರ್ತ್ ಸ್ಕ್ರೂಗೆ ಕೊಡಿ. 55 ವ್ಯಾಟ್ ಬಲ್ಬ್ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬೆಳ್ಳಗೆ ಉರಿಯಬೇಕು.

ಹೋದ ಬೇಸಿಗೆಯಲ್ಲಿ ಕಾರಟಗಿ ಕಡೆಯ ಹುಡುಗನೊಬ್ಬ ಬೊಲೆರೊ ತಂದಿದ್ದ. ಬೇರೆ ಕಡೆ ತೋರಿಸಿದ್ದನಂತೆ, ಆಂಪ್ ಹೋಗಿದೆ ಹೊಸದು ಹಾಕಿಸು ಅಂದಿದ್ದರಂತೆ. ನಾನು ಮೀಟರ್ ಇಟ್ಟೆ, 12.4. ಬಲ್ಬ್ ಕೊಟ್ಟೆ. ಒಳಗಿನ ಎಳೆ ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೇ. ಬಲ್ಬ್ ಹಾಗೇ ಇಟ್ಟುಕೊಂಡು ಮೀಟರ್ ನೋಡಿದರೆ 3 ವೋಲ್ಟ್ ಚಿಲ್ಲರೆ. ಮ್ಯಾಟ್ ಎತ್ತಿದೆವು. ಅರ್ತ್ ವೈರಿನ ಉಂಗುರವನ್ನು ಸೀಟಿನ ಬೋಲ್ಟಿಗೆ ಬಿಗಿದಿದ್ದರು, ಬೋಲ್ಟ್ ಕೈಯಲ್ಲಿ ಅಲ್ಲಾಡುತ್ತಿರಲಿಲ್ಲ, ಮೇಲಿಂದ ನೋಡಿದರೆ ಬಹಳ ಒಳ್ಳೆಯ ಕೆಲಸ. ಬಿಚ್ಚಿ ನೋಡಿದಾಗ ಉಂಗುರದ ಕೆಳಗೆ ಬಣ್ಣ ಹಾಗೇ ಇತ್ತು. ಬೋಲ್ಟಿನ ಥ್ರೆಡ್ ತಾಗಿದ ಒಂದು ಕಡೆ ಮಾತ್ರ ಉಗುರಿನ ತುದಿಯಷ್ಟು ಲೋಹ ಹೊಳೆಯುತ್ತಿತ್ತು, ಅದರ ಸುತ್ತ ಕಂದು ತುಕ್ಕು. ಇಷ್ಟು ದಿನ ಆಂಪ್ ಅಷ್ಟರ ಮೇಲೇ ನಡೆದಿತ್ತು. ಆ ಸೀಟಿನ ಬೋಲ್ಟ್ ಬಿಟ್ಟು ಪಕ್ಕದಲ್ಲಿ ಬಾಡಿಯ ಮೇಲೆ ಹೊಸ ಜಾಗ ಹಿಡಿದು, ಎಮರಿ ಪೇಪರ್‌ನಲ್ಲಿ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ ಬಿಗಿದೆ. ಬಲ್ಬ್ ಕಣ್ಣು ಕುಕ್ಕುವಂತೆ ಉರಿಯಿತು. ಆಂಪ್‌ಗೆ ಕೊಟ್ಟೆ, ನೀಲಿ ಲೈಟ್ ಬಂತು. ಹುಡುಗ ಹೊಸ ಆಂಪ್‌ಗೆ ಅಂತ ದುಡ್ಡು ಜೇಬಲ್ಲಿಟ್ಟುಕೊಂಡೇ ಬಂದಿದ್ದ.

ಬಲ್ಬ್ ಮಂಕಾಗಿ ಉರಿದರೆ ತಪ್ಪು ಪ್ಲಸ್ ಕಡೆಯೋ ಅರ್ತ್ ಕಡೆಯೋ ಅಂತ ಹೀಗೆ ಕಂಡುಹಿಡಿಯಿರಿ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಪ್ರೋಬ್ ಆಂಪ್‌ನ ಅರ್ತ್ ಸ್ಕ್ರೂಗೆ, ಇನ್ನೊಂದನ್ನು ಉದ್ದದ ವೈರ್ ಕಟ್ಟಿ ಬ್ಯಾಟರಿ ಮೈನಸ್‌ಗೆ ಮುಟ್ಟಿಸಿ. 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಒಂದು, ಎರಡು, ಐದು ವೋಲ್ಟ್ ಬಂದರೆ ಅಷ್ಟನ್ನು ಅರ್ತ್ ತಿನ್ನುತ್ತಿದೆ. ಪ್ಲಸ್ ಕಡೆಗೂ ಇದೇ ಲೆಕ್ಕ.

ಅರ್ತ್ ಎಲ್ಲಿ ಕೊಟ್ಟರೆ ಒಳ್ಳೆಯದು?

ಆಂಪ್‌ನಿಂದ ಒಂದೂವರೆ ಅಡಿ ಒಳಗೆ, ಗಾಡಿಯ ಗಟ್ಟಿ ಬಾಡಿ ಲೋಹಕ್ಕೆ. ಬಣ್ಣ ಪೂರ್ತಿ ಕೆರೆಯಬೇಕು. ವೈರ್ ಪ್ಲಸ್ ವೈರಿನಷ್ಟೇ ದಪ್ಪ ಇರಬೇಕು, ಅರ್ತ್ ತಾನೇ ಅಂತ ಸಣ್ಣದು ಹಾಕಬೇಡಿ, ಎಷ್ಟು ಕರೆಂಟ್ ಪ್ಲಸ್‌ನಲ್ಲಿ ಬರುತ್ತದೋ ಅಷ್ಟೇ ಅರ್ತ್‌ನಲ್ಲಿ ವಾಪಸ್ ಹೋಗಬೇಕು. ಬಿಗಿದ ಮೇಲೆ ಮೇಲಿಂದ ಸ್ವಲ್ಪ ಗ್ರೀಸ್ ಅಥವಾ ಬಣ್ಣ ಹಚ್ಚಿದರೆ ತುಕ್ಕು ಬರುವುದಿಲ್ಲ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ, ಅದು ಜೀವ ಉಳಿಸುವ ಬೋಲ್ಟ್.

ಹೊಸ ತೂತು ಕೊರೆಯುವ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಎಷ್ಟೋ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತದೆ.

ಪ್ಲಸ್, ಅರ್ತ್ ಎರಡೂ ಸರಿ. ರಿಮೋಟ್ ವೈರ್ ತಪ್ಪು ಅಂತ ಹೇಗೆ ತಿಳಿಯೋದು?

ಎರಡು ಇಂಚಿನ ವೈರ್ ತುಂಡು ತಗೊಳ್ಳಿ. ಆಂಪ್‌ನ ಪ್ಲಸ್ ಸ್ಕ್ರೂನಿಂದ ರಿಮೋಟ್ ಸ್ಕ್ರೂಗೆ ಒಂದು ಕ್ಷಣ ಮುಟ್ಟಿಸಿ, ಪಕ್ಕದ ಅರ್ತ್ ಸ್ಕ್ರೂಗೆ ತಾಗದಂತೆ. ಲೈಟ್ ಬಂತಾ? ಆಂಪ್ ಚೆನ್ನಾಗಿದೆ, ತೊಂದರೆ ಸ್ಟೀರಿಯೊದಿಂದ ಬರುವ ಸಣ್ಣ ವೈರಿನಲ್ಲಿ. ಆ ತುಂಡನ್ನು ಹಾಗೇ ಬಿಟ್ಟು ಗಾಡಿ ಓಡಿಸಬೇಡಿ, ಆಂಪ್ ರಾತ್ರಿಯಿಡೀ ಆನ್ ಇದ್ದು ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ.

ಎರಡು ಆಂಪ್, ಮೇಲೊಂದು ಫ್ಯಾನ್ ಎಲ್ಲ ಒಂದೇ ರಿಮೋಟ್ ವೈರಿಗೆ ಕೊಟ್ಟಿದ್ದರೆ ಸ್ಟೀರಿಯೊ ಸೋಲುತ್ತದೆ. ಆ ವೈರ್ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಕೊಡಲು ಮಾಡಿದ್ದಲ್ಲ. ಹಾರ್ನಿಗೆ ಹಾಕುತ್ತೀವಲ್ಲ, ಅಂಥ 12 ವೋಲ್ಟ್ ರಿಲೇ ಹಾಕಿ. ಅದರ ಕಾಲುಗಳ ಪಕ್ಕದ ನಂಬರ್ ನೋಡಿ ಕೊಡಿ: 85 ಅರ್ತ್‌ಗೆ, 86 ಸ್ಟೀರಿಯೊದ ರಿಮೋಟ್‌ಗೆ, 30 ಫ್ಯೂಸ್ ಇರುವ ಪ್ಲಸ್‌ಗೆ, 87ರಿಂದ ಎಲ್ಲ ಆಂಪ್‌ಗಳ ರಿಮೋಟ್‌ಗೆ.

ರೇಡಿಯೊ ಹಾಕಿದ್ರೆ ಆಂಪ್ ಆನ್ ಆಗುತ್ತೆ, ಬ್ಲೂಟೂತ್ ಹಾಕಿದ್ರೆ ಆಫ್. ಇದೇನು?

ರಿಮೋಟನ್ನು ಆಂಟೆನಾ ವೈರಿಗೆ ಸೇರಿಸಿದ್ದಾರೆ. ಸ್ಟೀರಿಯೊ ಹಿಂದೆ ಪೂರ್ತಿ ನೀಲಿ ವೈರ್ ಸಾಮಾನ್ಯವಾಗಿ ಆಂಟೆನಾದ್ದು, ಕೆಲವು ಸೆಟ್‌ಗಳಲ್ಲಿ ಅದು ರೇಡಿಯೊ ಇದ್ದಾಗ ಮಾತ್ರ 12 ವೋಲ್ಟ್ ಕೊಡುತ್ತದೆ. ನಿಮಗೆ ಬೇಕಾದದ್ದು ನೀಲಿ ಮೇಲೆ ಬಿಳಿ ಗೆರೆ ಇರುವ ವೈರ್. ಚೀನಾ ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಬಣ್ಣ ನಂಬಬೇಡಿ, ವೈರ್ ಮೇಲಿನ ಚೀಟಿ ಓದಿ, ಆಮೇಲೆ ಮೀಟರ್ ಇಟ್ಟು ನೋಡಿ.

ಕಂಪನಿ ಸ್ಟೀರಿಯೊದಲ್ಲಿ ರಿಮೋಟ್ ವೈರೇ ಇಲ್ಲವಲ್ಲ?

ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್ ಒಂದನ್ನು ಡ್ಯಾಶ್ ಕೆಳಗಿನ ಬಾಕ್ಸಿನಲ್ಲಿ ಹುಡುಕಿ, ಸಿಗರೇಟ್ ಲೈಟರ್‌ದು ಸುಲಭ. ಅಲ್ಲಿಂದ ಸಣ್ಣ ಫ್ಯೂಸ್ ಹಾಕಿ ರಿಮೋಟ್ ತೆಗೆದುಕೊಳ್ಳಿ. ಕೆಲವು ಆಂಪ್‌ಗಳು ಸ್ಪೀಕರ್ ವೈರಿನ ಸಿಗ್ನಲ್ ಗುರುತಿಸಿ ತಾವೇ ಆನ್ ಆಗುತ್ತವೆ, ಆದರೆ ಅದಕ್ಕೆ ಪಕ್ಕದಲ್ಲಿ ಸ್ವಿಚ್ ಇರುತ್ತದೆ. ಆ ಸ್ವಿಚ್ ತಪ್ಪು ಕಡೆ ಇದ್ದರೆ ಏನು ಮಾಡಿದರೂ ಏಳುವುದಿಲ್ಲ.

ಫ್ಯೂಸ್ ನೋಡೋಕೆ ಚೆನ್ನಾಗೇ ಇದೆ. ಮತ್ತೂ ಚೆಕ್ ಮಾಡಬೇಕಾ?

ಮಾಡಲೇಬೇಕು. ಬ್ಯಾಟರಿ ಹತ್ತಿರದ ಗಾಜಿನ ಫ್ಯೂಸ್ ಒಳಗೆ ತಂತಿ ಇದ್ದರೂ ತುದಿಯ ಟೋಪಿಯೊಳಗೆ ಬಿಟ್ಟಿರುತ್ತದೆ. ಮೀಟರಿನ ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ ಇಟ್ಟು ಫ್ಯೂಸಿನ ಎರಡೂ ತುದಿ ಅಳೆಯಿರಿ. ಒಂದು ಕಡೆ 12, ಇನ್ನೊಂದು ಕಡೆ ಸೊನ್ನೆ ಬಂದರೆ ಫ್ಯೂಸ್ ಹೋಗಿದೆ. ಹೋಲ್ಡರನ್ನೂ ನೋಡಿ: ಸ್ಕ್ರೂ ಸಡಿಲವಾದರೆ ಬಿಸಿಯಾಗಿ ಪ್ಲಾಸ್ಟಿಕ್ ಕರಗಿ ಕಂದಾಗಿರುತ್ತದೆ. ಎಷ್ಟೋ ಸಲ ಫ್ಯೂಸ್ ಚೆನ್ನಾಗಿರುತ್ತದೆ, ಹೋಲ್ಡರ್ ಹೋಗಿರುತ್ತದೆ.

ಫ್ಯೂಸ್ ಹಾಕಿದ ತಕ್ಷಣ ಸುಡ್ತಿದೆ. ದೊಡ್ಡ ಫ್ಯೂಸ್ ಹಾಕಲಾ?

ಬೇಡ, ದಯವಿಟ್ಟು ಬೇಡ. ಬೆಳ್ಳಿ ಕಾಗದ ಸುತ್ತುವುದಂತೂ ಬೇಡವೇ ಬೇಡ. ಫ್ಯೂಸ್ ಇರುವುದು ವೈರ್ ಉಳಿಸಲು. ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತದೆ, ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ವೈರ್ ಮ್ಯಾಟ್ ಕೆಳಗೆ ಇರುತ್ತದೆ, ಮ್ಯಾಟ್ ಮೇಲೆ ನಿಮ್ಮ ಮನೆಯವರು ಕೂತಿರುತ್ತಾರೆ.

ಕಾರಣ ಹುಡುಕಲು ಒಂದೊಂದೇ ಬಿಚ್ಚುತ್ತಾ ಬನ್ನಿ. ಆಂಪ್‌ನಿಂದ ಪ್ಲಸ್ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ ಫ್ಯೂಸ್ ಹಾಕಿ. ಆಗಲೂ ಸುಟ್ಟರೆ ವೈರ್ ದಾರಿಯಲ್ಲೆಲ್ಲೋ ಬಾಡಿಗೆ ತಾಗುತ್ತಿದೆ, ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಇಲ್ಲದಿದ್ದರೆ ಅಲ್ಲೇ ನೋಡಿ. ಸುಡಲಿಲ್ಲ ಅಂದರೆ ಫ್ಯೂಸ್ ಬಿಚ್ಚಿಟ್ಟು ವೈರನ್ನು ಆಂಪ್‌ಗೆ ಸೇರಿಸಿ. ರಿಮೋಟ್, ಸ್ಪೀಕರ್, ಆರ್‌ಸಿಎ ಯಾವುದೂ ಬೇಡ, ಪ್ಲಸ್ ಮತ್ತು ಅರ್ತ್ ಮಾತ್ರ. ಈಗ ಫ್ಯೂಸ್ ಜಾಗದಲ್ಲಿ ನಮ್ಮ ಹೆಡ್‌ಲೈಟ್ ಬಲ್ಬನ್ನೇ ಕೊಡಿ. ಒಮ್ಮೆ ಮಿಂಚಿ ಆರಿದರೆ ಆಂಪ್ ಒಳಗೆ ಕರೆಂಟ್ ಕೂಡಿಡುವ ಕೆಪ್ಯಾಸಿಟರ್ ತುಂಬಿಕೊಂಡಿತು ಅಂತ ಅರ್ಥ, ಒಳ್ಳೆಯದು. ಆರದೆ ಜೋರಾಗಿ ಉರಿಯುತ್ತಲೇ ಇದ್ದರೆ ಆಂಪ್ ಒಳಗೇ ಶಾರ್ಟ್ ಇದೆ, ಪವರ್ ಸಪ್ಲೈ ಮಾಸ್‌ಫೆಟ್ (ಕರೆಂಟನ್ನು ಸ್ವಿಚ್‌ನಂತೆ ಆನ್ ಆಫ್ ಮಾಡುವ ಪಾರ್ಟ್) ಅಥವಾ ಉಲ್ಟಾ ಕರೆಂಟ್ ತಡೆಯುವ ಡಯೋಡ್ ಹೋಗಿರುತ್ತದೆ. ಬ್ಯಾಟರಿ ಬದಲಾಯಿಸುವಾಗ ಪ್ಲಸ್ ಮೈನಸ್ ಅದಲು ಬದಲಾಗಿತ್ತಾ ಅಂತ ನೆನಪು ಮಾಡಿಕೊಳ್ಳಿ.

ಇನ್ನೊಂದು ಮಾತು. ಡಬ್ಬದ ಮೇಲೆ 3000 ವ್ಯಾಟ್ ಅಂತ ಇದೆ, ಅದಕ್ಕೆ ಇಷ್ಟು ಸಣ್ಣ ಫ್ಯೂಸಾ ಅಂತ ಹುಡುಗರು ಕೇಳುತ್ತಾರೆ. ಫ್ಯೂಸನ್ನೇ ನಂಬಿ. 20ರ ಎರಡು ಫ್ಯೂಸ್ ಇದ್ದರೆ 40 ಆಂಪಿಯರ್, 13 ವೋಲ್ಟಿಗೆ ಗುಣಿಸಿದರೆ 520 ವ್ಯಾಟ್ ಒಳಗೆ ಹೋಗುತ್ತದೆ. ಒಳಗೆ ಹೋದದ್ದಕ್ಕಿಂತ ಜಾಸ್ತಿ ಹೊರಗೆ ನಿರಂತರವಾಗಿ ಬರುವುದು ಸಾಧ್ಯವಿಲ್ಲ.

ಲೈಟ್ ಬರುತ್ತೆ, ಆದ್ರೆ ಕೆಂಪು. ಇದೂ ಆನ್ ಆಗದಂತೆಯೇ?

ಅಲ್ಲ. ಸಾಮಾನ್ಯವಾಗಿ ಕೆಂಪು ಅಂದರೆ ಆಂಪ್ ಎದ್ದಿದೆ, ಏನೋ ತಪ್ಪು ಕಂಡು ತನ್ನನ್ನು ತಾನೇ ತಡೆದುಕೊಂಡಿದೆ. ಆಫ್ ಮಾಡಿ, ಸ್ಪೀಕರ್ ವೈರ್ ಮತ್ತು ಆರ್‌ಸಿಎ ಎಲ್ಲ ಬಿಚ್ಚಿ ಮತ್ತೆ ಆನ್ ಮಾಡಿ. ಕೆಂಪು ಹೋದರೆ ಒಂದೊಂದೇ ಸೇರಿಸುತ್ತಾ ಬನ್ನಿ, ಯಾವುದು ಸೇರಿಸಿದಾಗ ಕೆಂಪು ಬಂತೋ ಅಲ್ಲೇ ತಪ್ಪು. ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡ ಸ್ಪೀಕರ್ ವೈರ್ ತುಂಬಾ ಸಲ ಸಿಗುತ್ತದೆ. 2 ಓಮ್‌ವರೆಗೆ ತಡೆಯುವ ಆಂಪ್‌ಗೆ ಎರಡು ವೂಫರ್ (ಬೇಸ್ ಸ್ಪೀಕರ್) ಸೇರಿಸಿ 1 ಓಮ್ ಮಾಡಿದ್ದರೂ ಹೀಗೇ, ಓಮ್ ಕಡಿಮೆಯಾದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. ಎಲ್ಲ ಬಿಚ್ಚಿದರೂ ಕೆಂಪೇ ಇದ್ದರೆ ಒಳಗೆ ರಿಪೇರಿ ಇದೆ.

ಬೇಸ್ ಜೋರಾಗಿ ಬಂದಾಗ ಆಫ್ ಆಗಿ ಮತ್ತೆ ಆನ್ ಆಗುತ್ತೆ.

ವೋಲ್ಟ್ ಕುಸಿಯುತ್ತಿದೆ. ಸಾಮಾನ್ಯವಾಗಿ 10 ವೋಲ್ಟ್ ಹತ್ತಿರ ಇಳಿದರೆ ಆಂಪ್ ತಾನೇ ಆಫ್ ಆಗುತ್ತದೆ. ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ವೈರನ್ನು ಬ್ಯಾಟರಿಯಿಂದ ಡಿಕ್ಕಿಗೆ ಎಳೆದ ಗಾಡಿಗಳು ನಮ್ಮ ಕಡೆ ಇನ್ನೂ ಬರುತ್ತವೆ. ಅಂಥ 5 ಮೀಟರ್ ವೈರಿನಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಗುತ್ತದೆ, ಆ ವೈರ್ ಅಷ್ಟು ಕರೆಂಟಿಗೆ ಬಿಸಿಯೂ ಆಗುತ್ತದೆ. ಅದಕ್ಕಿಂತ ತುಂಬಾ ದಪ್ಪದ 4 ಗೇಜ್ ತಾಮ್ರದ ವೈರಿನಲ್ಲಾದರೆ 0.2 ವೋಲ್ಟ್ ಕೂಡ ಹೋಗುವುದಿಲ್ಲ. ಕೊಳ್ಳುವಾಗ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನದ ಅಲ್ಯೂಮಿನಿಯಂ, ಒಂದು ಸೈಜ್ ದಪ್ಪ ತಗೊಳ್ಳಬೇಕು.

ವೈರನ್ನು ಇಲಿ ಕಡಿದಿದ್ರೆ ಹೇಗೆ ಗೊತ್ತಾಗುತ್ತೆ?

ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿ ಹತ್ತಿರ ನಿಲ್ಲಿಸುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು. ಮ್ಯಾಟ್ ಕೆಳಗೆ ಭತ್ತದ ಹೊಟ್ಟು, ಹಿಕ್ಕೆ ಕಂಡರೆ ರಿಮೋಟ್ ವೈರನ್ನು ಬೆರಳಿನಲ್ಲಿ ಸವರುತ್ತಾ ಹಿಂದಿನಿಂದ ಮುಂದಿನವರೆಗೆ ಬನ್ನಿ. ಕಡಿದ ಜಾಗ ಕೈಗೆ ಸಿಗುತ್ತದೆ. ಪ್ಲಸ್ ವೈರ್ ಮೇಲೂ ಹಲ್ಲಿನ ಗುರುತಿದ್ದರೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ವೈರ್ ಬದಲಿಸಿ ಫ್ಲೆಕ್ಸಿಬಲ್ ಪೈಪ್ ಒಳಗೆ ಹಾಕಿ.

ಲಾರಿಗೆ ಹಾಕಿದ ಮೊದಲ ದಿನವೇ ಹೋಯ್ತು. ಯಾಕೆ?

ದೊಡ್ಡ ಲಾರಿ, ಟಿಪ್ಪರ್‌ಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್, ಇಂಜಿನ್ ಓಡುವಾಗ 28. ಕಾರಿನ ಆಂಪ್ 12 ವೋಲ್ಟಿನದು, ಒಳಗಿನ ಕೆಪ್ಯಾಸಿಟರ್‌ಗಳು ಸಾಮಾನ್ಯವಾಗಿ 16 ಇಲ್ಲವೇ 25 ವೋಲ್ಟ್ ತಡೆಯುವಂಥವು. ಅದಿರು ಸಾಗಿಸುವ ಗಾಡಿಗಳ ಡ್ರೈವರಣ್ಣಂದಿರು ಎಷ್ಟೋ ಆಂಪ್‌ಗಳನ್ನು ಹೀಗೆ ಕಳೆದುಕೊಂಡಿದ್ದಾರೆ, ರಾತ್ರಿಯಿಡೀ ಓಡಿಸುವವರಿಗೆ ಹಾಡೇ ಜೊತೆ, ನೋಡಲು ಬೇಜಾರಾಗುತ್ತದೆ.

ಒಂದೇ ಬ್ಯಾಟರಿಯಿಂದ 12 ತೆಗೆದರೆ ಆಂಪ್ ಉಳಿಯುತ್ತದೆ, ಬ್ಯಾಟರಿ ಹಾಳಾಗುತ್ತದೆ. ಆ ಬ್ಯಾಟರಿ ಸದಾ ಖಾಲಿ ಉಳಿಯುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಯುತ್ತದೆ. 24ರಿಂದ 12 ಮಾಡುವ ಕನ್ವರ್ಟರ್ ಹಾಕಿ. 20 ಆಂಪಿಯರ್ ಕನ್ವರ್ಟರ್ ಕೊಡುವುದು 240 ವ್ಯಾಟ್, ಆಂಪನ್ನು ಅಷ್ಟಕ್ಕೇ ಆರಿಸಿ.

ನಮ್ಮ ಬಿಸಿಲಿಗೆ, ಧೂಳಿಗೆ ಆಂಪ್ ಆಫ್ ಆಗುತ್ತಾ?

ಆಗುತ್ತದೆ. ರಾಯಚೂರಿನಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಮುಚ್ಚಿ ನಿಲ್ಲಿಸಿದ ಗಾಡಿ ಒಳಗೆ ಇನ್ನೂ ಜಾಸ್ತಿ. ಹೀಟ್ ಸಿಂಕ್ (ಬಿಸಿ ಹೊರಹಾಕುವ ಆಂಪ್‌ನ ಲೋಹದ ಮೈ) ಮುಟ್ಟಲಾಗದಷ್ಟು ಬಿಸಿಯಾದರೆ ಆಂಪ್ ತಾನೇ ನಿಲ್ಲುತ್ತದೆ, ತಣ್ಣಗಾದ ಮೇಲೆ ತಾನೇ ಬರುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಗಾಡಿಗಳಲ್ಲಿ ಹೀಟ್ ಸಿಂಕಿನ ಸಂದಿಯಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್ ಹಾಕಿ ತೆಗೆಯಿರಿ, ನೀರು ಬೇಡ.

ಎಲ್ಲ ನೋಡಿದೆ, ಆಂಪೇ ಹೋಗಿದೆ. ರಿಪೇರಿಗೆ ಕೊಡುವಾಗ ಏನು ಹೇಳಲಿ?

ಮೇಲೆ ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಆಂಪ್‌ಗೆ ಅಂಟಿಸಿ: ಪ್ಲಸ್‌ನಲ್ಲಿ ಎಷ್ಟು ವೋಲ್ಟ್, ರಿಮೋಟ್ ಕೊಟ್ಟಾಗ ಏನಾಯಿತು, ಫ್ಯೂಸ್ ಯಾವಾಗ ಸುಟ್ಟಿತು. ರಿಪೇರಿ ಮಾಡುವವರ ಅರ್ಧ ಕೆಲಸ ಉಳಿಯುತ್ತದೆ. ಜೊತೆಗೆ ಕೂಡಿದ ಮಾಸ್‌ಫೆಟ್‌ಗಳಲ್ಲಿ ಒಂದು ಹೋಗಿದ್ದರೆ ಆ ಗುಂಪನ್ನೇ ಬದಲಿಸಲು ಹೇಳಿ, ಉಳಿದವೂ ಏಟು ತಿಂದಿರುತ್ತವೆ. ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ.

ವಾಪಸ್ ಕೂಡಿಸುವಾಗ ಮೊದಲು ಬ್ಯಾಟರಿ ಹತ್ತಿರದ ಫ್ಯೂಸ್ ತೆಗೆದಿಡಿ. ಅರ್ತ್ ಮೊದಲು, ಆಮೇಲೆ ಸ್ಪೀಕರ್, ಆರ್‌ಸಿಎ, ರಿಮೋಟ್, ಪ್ಲಸ್. ಫ್ಯೂಸ್ ಎಲ್ಲಕ್ಕಿಂತ ಕೊನೆಗೆ. ಅದನ್ನು ಹಾಕುವಾಗ ಚಟ್ ಅಂತ ಸಣ್ಣ ಕಿಡಿ ಬಂದರೆ ಹೆದರಬೇಡಿ, ಖಾಲಿ ಕೆಪ್ಯಾಸಿಟರ್ ತುಂಬಿಕೊಳ್ಳುವಾಗ ಹಾಗೇ ಆಗುತ್ತದೆ.